ಏಳು ಸಾರಿನ ಪುಡಿ, ಏಳು ಗೆರೆ: ಪ್ರಯೋಗ ವಿನ್ಯಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಕಲಿಸುತ್ತೇನೆ. ಸಂಖ್ಯಾಶಾಸ್ತ್ರ ಅಂತ ಹೇಳಿದರೆ ಸಾಕು, "ಸರ್, ನನ್ನ ಹೆಸರಿಗೆ ಇನ್ನೊಂದು ಅಕ್ಷರ ಸೇರಿಸಬೇಕಾ?" ಅಂತ ಕೇಳುವವರು ಸಿಗುತ್ತಾರೆ. ಹಾಗಾಗಿ ಇಲ್ಲಿ ಸ್ಟಾಟಿಸ್ಟಿಕ್ಸ್ ಅಂತಲೇ ಬರೆಯುತ್ತೇನೆ. ಕೆಳಗಿನ ಪ್ರಶ್ನೆಗಳು ಎಂಎಸ್ಸಿ ಹುಡುಗ ಹುಡುಗಿಯರದ್ದು, ಗಣಿತ ವಿಭಾಗದ ಗೆಳೆಯರದ್ದು, ತೋಟ ಇರುವ ನೆಂಟರದ್ದು. ಒಂದೆರಡು ನಮ್ಮ ಅತ್ತಿಗೆಯದ್ದು. ಉಡುಪಿಯ ಹತ್ತಿರ ಅವರದ್ದೊಂದು ಮಹಿಳಾ ಗುಂಪು ಇದೆ, ಸಾರಿನ ಪುಡಿ ಮಾಡಿ ಮಾರುತ್ತಾರೆ. ಈ ಪುಟದ ಅರ್ಧ ಕಥೆ ಆ ಪುಡಿಯದ್ದೇ.

ಕಾಂಬಿನೇಟೋರಿಯಲ್ ಡಿಸೈನ್, ಪ್ರಯೋಗ ವಿನ್ಯಾಸ, ಎರಡೂ ಒಂದೇ ಅಲ್ವಾ?

ಅಲ್ಲ. ಒಂದೇ ಮನೆಯ ಇಬ್ಬರು ಮಕ್ಕಳು, ಕೆಲಸ ಬೇರೆ ಬೇರೆ.

ಕಾಂಬಿನೇಟೋರಿಕ್ಸ್‌ನವರು, ಅಂದರೆ ಎಣಿಕೆ ಮತ್ತು ಜೋಡಣೆಯ ಗಣಿತ ಮಾಡುವವರು, ಕೇಳುವುದು: ಇಷ್ಟು ವಸ್ತುಗಳನ್ನು ಇಷ್ಟಿಷ್ಟರ ಗುಂಪು ಮಾಡಿ, ಪ್ರತಿ ಜೋಡಿಯೂ ಸರಿಯಾಗಿ ಇಷ್ಟೇ ಸಲ ಒಟ್ಟಿಗೆ ಬರುವ ಹಾಗೆ ಇಡಲು ಸಾಧ್ಯವಾ? ಸಾಧ್ಯ ಆದರೆ ಎಷ್ಟು ರೀತಿಯಲ್ಲಿ? ಅವರಿಗೆ ಆ ವಸ್ತು ಭತ್ತವೋ ಬದನೆಯೋ ಬೇಕಾಗಿಲ್ಲ.

ಪ್ರಯೋಗ ಮಾಡುವವರ ಚಿಂತೆ ಬೇರೆ. ಕೈಯಲ್ಲಿ ಇಷ್ಟೇ ಗದ್ದೆ, ಇಷ್ಟೇ ದುಡ್ಡು. ಯಾವ ತಳಿ ಒಳ್ಳೆಯದು ಅಂತ ಮೋಸ ಹೋಗದೆ ತಿಳಿಯಬೇಕು. ಇವರಿಗೆ ಒಂದು ನ್ಯಾಯವಾದ ಪಟ್ಟಿ ಬೇಕು. ಆ ಪಟ್ಟಿ ಹಲವು ಸಲ ಪಕ್ಕದ ಕೋಣೆಯ ಗಣಿತದವರ ಕಪಾಟಿನಲ್ಲಿ ಸಿಗುತ್ತದೆ. ಸಿಗದಿದ್ದಾಗ ಏನು ಮಾಡುವುದು ಎನ್ನುವಲ್ಲಿ ಇಬ್ಬರ ದಾರಿ ಬೇರೆಯಾಗುತ್ತದೆ. ನನಗೆ ಇಷ್ಟದ ಜಾಗ ಅದೇ.

ಕೈಗೆ ಸಿಗುವಂಥ ಒಂದು ಉದಾಹರಣೆ ಕೊಡಿ.

ಅತ್ತಿಗೆಯ ಗುಂಪಿನಲ್ಲಿ ಏಳು ಬಗೆಯ ಪುಡಿ ಇತ್ತು. ಒಂದರಲ್ಲಿ ಕೊತ್ತಂಬರಿ ಜಾಸ್ತಿ, ಒಂದರಲ್ಲಿ ಮೆಂತೆ, ಒಂದಕ್ಕೆ ಇಂಗು ಎದ್ದು ಹೊಡೆಯುವ ಹಾಗೆ. ಯಾವುದನ್ನು ಪ್ಯಾಕೆಟ್ ಮಾಡಿ ಮಾರುವುದು? ರುಚಿ ನೋಡಲು ಏಳು ಜನ ಸಿಕ್ಕಿದರು. ಏಳು ಸಾರನ್ನೂ ಒಬ್ಬರಿಗೇ ಕೊಟ್ಟರೆ ನಾಲ್ಕನೆಯದಕ್ಕೆ ನಾಲಗೆ ಕೈ ಚೆಲ್ಲುತ್ತದೆ, ಆಮೇಲೆ ಎಲ್ಲವೂ ಒಂದೇ. ಹಾಗಾಗಿ ತಲಾ ಮೂರು ಬಟ್ಟಲು ಮಾತ್ರ ಅಂತ ತೀರ್ಮಾನ ಆಯಿತು.

ಈಗ ತೊಂದರೆ ಏನೆಂದರೆ ಒಬ್ಬೊಬ್ಬರು ಅಂಕ ಕೊಡುವ ರೀತಿ ಒಂದೊಂದು. ಕೆಲವರು ಧಾರಾಳ, ಎಲ್ಲದಕ್ಕೂ ಹತ್ತಕ್ಕೆ ಎಂಟು. ಕೆಲವರು ಜಿಪುಣರು. ಧಾರಾಳಿಗಳ ಪಾಲಿಗೆ ಬಂದ ಪುಡಿ ಸುಮ್ನೆ ಗೆದ್ದುಬಿಡುತ್ತದೆ. ಇದಕ್ಕೆ ಮದ್ದು: ಒಬ್ಬರೇ ತಿಂದ ಬಟ್ಟಲುಗಳನ್ನು ಮಾತ್ರ ಒಂದಕ್ಕೊಂದು ಹೋಲಿಸುವುದು, ಮತ್ತು ಪ್ರತಿ ಜೋಡಿ ಪುಡಿಗೂ ಆ ಅವಕಾಶ ಸಮಾನವಾಗಿ ಕೊಡುವುದು. ನಾನು ಕೊಟ್ಟ ಪಟ್ಟಿ ಇದು:

ಮೊದಲನೆಯವರಿಗೆ 1, 2, 4
ಎರಡನೆಯವರಿಗೆ 2, 3, 5
ಮೂರನೆಯವರಿಗೆ 3, 4, 6
ನಾಲ್ಕನೆಯವರಿಗೆ 4, 5, 7
ಐದನೆಯವರಿಗೆ 5, 6, 1
ಆರನೆಯವರಿಗೆ 6, 7, 2
ಏಳನೆಯವರಿಗೆ 7, 1, 3

ಯಾವುದೇ ಎರಡು ಪುಡಿ ಹೆಸರಿಸಿ. ಅವೆರಡೂ ಸರಿಯಾಗಿ ಒಬ್ಬರ ಎದುರು ಮಾತ್ರ ಒಟ್ಟಿಗೆ ಬಂದಿರುತ್ತವೆ. 3 ಮತ್ತು 7? ಏಳನೆಯವರು. 2 ಮತ್ತು 6? ಆರನೆಯವರು. ಒಟ್ಟು 21 ಜೋಡಿ, ಏಳು ಜನರಲ್ಲಿ ತಲಾ ಮೂರು ಜೋಡಿ. ಲೆಕ್ಕ ಚುಕ್ತಾ.

ಗಣಿತದಲ್ಲಿ ಇದಕ್ಕೆ ಫಾನೋ ಪ್ಲೇನ್ ಅಂತ ಹೆಸರು: ಏಳು ಚುಕ್ಕಿ, ಏಳು ಗೆರೆ, ಪ್ರತಿ ಗೆರೆಯಲ್ಲಿ ಮೂರು ಚುಕ್ಕಿ. ಸ್ಟಾಟಿಸ್ಟಿಕ್ಸ್‌ನಲ್ಲಿ ಇದು ಬ್ಯಾಲೆನ್ಸ್ಡ್ ಇನ್‌ಕಂಪ್ಲೀಟ್ ಬ್ಲಾಕ್ ಡಿಸೈನ್, ಬಾಯಲ್ಲಿ ಬಿಐಬಿಡಿ. ಫ್ರಾಂಕ್ ಯೇಟ್ಸ್ 1936ರಲ್ಲಿ ಇದನ್ನು ಪ್ರಯೋಗಗಳಿಗೆ ತಂದರು. ಬ್ಲಾಕ್ ಅಂದರೆ ಇಲ್ಲಿ ಒಬ್ಬ ರುಚಿ ನೋಡುವವರು. ಇನ್‌ಕಂಪ್ಲೀಟ್ ಯಾಕೆಂದರೆ ಅವರು ಏಳನ್ನೂ ತಿಂದಿಲ್ಲ.

ಮೂರೇ ಕೊಟ್ಟರೆ ಮಾಹಿತಿ ನಷ್ಟ ಆಗುವುದಿಲ್ಲವಾ?

ಆಗುತ್ತದೆ, ಆದರೆ ನೀವು ಹೆದರುವಷ್ಟು ಅಲ್ಲ. ಒಟ್ಟು 21 ಬಟ್ಟಲು. ಅದೇ 21 ಬಟ್ಟಲನ್ನು ಮೂರು ಜನ ತಲಾ ಏಳರಂತೆ ತಿಂದಿದ್ದರೆ ಸಿಗುವ ಮಾಹಿತಿಯನ್ನು 1 ಅಂತ ಇಟ್ಟುಕೊಳ್ಳಿ. ನಮ್ಮ ಪಟ್ಟಿಯಲ್ಲಿ ಸಿಗುವುದು 9ರಲ್ಲಿ 7 ಪಾಲು, ಸುಮಾರು ಶೇ. 78. ಆದರೆ ಆ '1' ಬರಬೇಕಾದರೆ ಏಳನೇ ಬಟ್ಟಲಿಗೂ ನಾಲಗೆ ಮೊದಲಿನಷ್ಟೇ ಚುರುಕಾಗಿರಬೇಕು. ಎಲ್ಲಿ ಇರುತ್ತದೆ ಮಾರಾಯ್ರೆ? ದಣಿದ ನಾಲಗೆಯ ಏರುಪೇರು ಲೆಕ್ಕಕ್ಕೆ ಹಿಡಿದರೆ ಮೂರರ ಪಟ್ಟಿಯೇ ಮುಂದೆ ಬರಬಹುದು.

ಪಟ್ಟಿ ಸಿಕ್ಕಿತಲ್ಲ, ಇನ್ನೇನು, ಹಾಗೇ ಬಳಸಬಹುದಲ್ಲ?

ಇಲ್ಲಿ ನಾನೇ ಮಾಡಿದ ಎಡವಟ್ಟು ಹೇಳಬೇಕು.

ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ, ಈ ಸಲ ಮೇಲಿಂದ ಕೆಳಗೆ. ಮೊದಲ ಬಟ್ಟಲಿನ ಸಾಲು 1, 2, 3, 4, 5, 6, 7. ಎರಡನೆಯದ್ದು 2, 3, 4, 5, 6, 7, 1. ಮೂರನೆಯದ್ದು 4, 5, 6, 7, 1, 2, 3. ಅಂದರೆ ಪ್ರತಿ ಪುಡಿಯೂ ಒಂದು ಸಲ ಮೊದಲು, ಒಂದು ಸಲ ನಡುವೆ, ಒಂದು ಸಲ ಕೊನೆಗೆ ಬಂದಿದೆ. ಹಸಿದ ಹೊಟ್ಟೆಯಲ್ಲಿ ಮೊದಲ ಬಟ್ಟಲು ಯಾವಾಗಲೂ ರುಚಿ. ಆ ಲಾಭ ಎಲ್ಲ ಪುಡಿಗೂ ಒಂದೊಂದು ಸಲ ಸಿಗುತ್ತದೆ. ಇದಕ್ಕೆ ಯೂಡನ್ ಚೌಕ ಅಂತ ಹೆಸರು. ಡಬ್ಲ್ಯು. ಜೆ. ಯೂಡನ್ ಎಂಬ ರಸಾಯನಶಾಸ್ತ್ರಜ್ಞ 1937ರಲ್ಲಿ ತಂಬಾಕಿನ ಮೊಸಾಯಿಕ್ ವೈರಸ್ಸಿನ ಪ್ರಯೋಗಕ್ಕೆ ಬಳಸಿದ್ದು. ಅಲ್ಲಿ ಎಲೆ ಗಿಡದ ಮೇಲ್ಗಡೆ ಇದೆಯೋ ಕೆಳಗಡೆ ಇದೆಯೋ ಎನ್ನುವುದು ಮುಖ್ಯ. ಇಲ್ಲಿ ಬಟ್ಟಲು ಮೊದಲನೆಯದೋ ಕೊನೆಯದೋ ಎನ್ನುವುದು.

ನಾನು ಏನು ಮಾಡಿದೆ? ಅತ್ತಿಗೆಗೆ ಕಳಿಸುವ ಮೊದಲು ಪಟ್ಟಿ ನೋಡಲು ಚಂದ ಕಾಣಲಿ ಅಂತ ಪ್ರತಿ ಸಾಲನ್ನೂ ಏರಿಕೆಯ ಕ್ರಮದಲ್ಲಿ ಜೋಡಿಸಿಬಿಟ್ಟೆ. 5, 6, 1 ಇದ್ದದ್ದು 1, 5, 6 ಆಯಿತು. 6, 7, 2 ಇದ್ದದ್ದು 2, 6, 7. 7, 1, 3 ಇದ್ದದ್ದು 1, 3, 7. ಜೋಡಿಗಳ ಲೆಕ್ಕ ಒಂದಿಷ್ಟೂ ಕೆಡಲಿಲ್ಲ. ಗಣಿತದವರ ಕಣ್ಣಿಗೆ ಎರಡೂ ಒಂದೇ ಡಿಸೈನ್. ಆದರೆ ಒಂದನೇ ಪುಡಿ ಮೂರೂ ಸಲ ಮೊದಲ ಬಟ್ಟಲಾಗಿ ಬಂತು. ಏಳನೆಯದ್ದು ಮೂರೂ ಸಲ ಕೊನೆಗೆ. ಭಾನುವಾರ ಸಂಜೆ ಫಲಿತಾಂಶ: ಒಂದನೇ ಪುಡಿಗೆ ಜಯ, ಏಳನೆಯದ್ದು ತಳದಲ್ಲಿ. ಏಳನೇ ಪುಡಿ ಮಾಡಿದವರು ಅತ್ತಿಗೆಯೇ.

"ನಿನ್ನ ಲೆಕ್ಕ ನಿನ್ನ ಹತ್ತಿರವೇ ಇರಲಿ" ಅಂದರು. ನ್ಯಾಯ ಅವರ ಕಡೆಯೇ ಇತ್ತು. ಮುಂದಿನ ಭಾನುವಾರ ಮೂಲ ಕ್ರಮದಲ್ಲೇ ಮತ್ತೆ ಮಾಡಿದೆವು. ಬಟ್ಟಲು ಬಟ್ಟಲಿನ ನಡುವೆ ಒಂದು ತುತ್ತು ಅನ್ನ, ಒಂದು ಗುಟುಕು ಬಿಸಿನೀರು. ಒಂದನೇ ಪುಡಿ ನಡುವಿಗೆ ಇಳಿಯಿತು. ಏಳನೆಯದ್ದು ಗೆಲ್ಲಲಿಲ್ಲ, ಆದರೆ ತಳವನ್ನಂತೂ ಬಿಟ್ಟಿತು.

ಇನ್ನೊಂದು ಕೆಲಸ ಬಾಕಿ ಇದೆ: ಚೀಟಿ ಎತ್ತುವುದು. ಯಾವ ಪುಡಿಗೆ ಯಾವ ನಂಬರು, ಯಾರಿಗೆ ಯಾವ ಸಾಲು, ಎರಡನ್ನೂ ಚೀಟಿ ಎತ್ತಿಯೇ ಇಡಬೇಕು. ಪಟ್ಟಿ ಎಷ್ಟೇ ಸಮತೋಲದಲ್ಲಿದ್ದರೂ ನಂಬರು ಕೊಡುವವರಿಗೆ ಒಂದು ಪುಡಿಯ ಮೇಲೆ ಮಮಕಾರ ಇದ್ದರೆ ಎಲ್ಲ ಕೆಟ್ಟಿತು. ಕಾಂಬಿನೇಟೋರಿಕ್ಸ್ ಪುಸ್ತಕದಲ್ಲಿ ಈ ಚೀಟಿಯ ಮಾತೇ ಬರುವುದಿಲ್ಲ. ಪ್ರಯೋಗದ ಪುಸ್ತಕದಲ್ಲಿ ಅದು ಮೊದಲನೇ ಪಾಠ.

ಏಳರ ಬದಲು ಎಂಟು ಪುಡಿ ಇದ್ದರೆ? ಒಬ್ಬರನ್ನು ಜಾಸ್ತಿ ಕರೆದರೆ ಸಾಕಲ್ಲ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡೋಣ.

ಒಂದು ಪುಡಿಯನ್ನು ಹಿಡಿಯಿರಿ. ಅದು ಬಂದ ಪ್ರತಿ ಸಲವೂ ಇಬ್ಬರು ಜೊತೆಗಾರರು ಇರುತ್ತಾರೆ. ಉಳಿದ ಏಳು ಪುಡಿಯೂ ಸಮಾನ ಸಲ ಜೊತೆಗೆ ಬರಬೇಕು. ಅಂದರೆ ಜೊತೆಗಾರರ ಒಟ್ಟು ಸಂಖ್ಯೆ ಏಳರಿಂದ ಭಾಗ ಹೋಗಬೇಕು, ಹಾಗಾಗಿ ಆ ಪುಡಿ ಬರುವ ಸಲವೂ ಏಳರ ಮಗ್ಗಿಯಲ್ಲೇ ಇರಬೇಕು. ಇನ್ನೊಂದು ಕಡೆ, ಒಟ್ಟು ಬಟ್ಟಲಿನ ಸಂಖ್ಯೆ ಎಂಟು ಪುಡಿ ಗುಣಿಸು ಅಷ್ಟು ಸಲ. ಅದು ಮೂರರಿಂದ ಭಾಗ ಹೋಗಬೇಕು, ಯಾಕೆಂದರೆ ತಲಾ ಮೂರು ಬಟ್ಟಲು. ಎಂಟು ಮೂರರಿಂದ ಹೋಗುವುದಿಲ್ಲ, ಹಾಗಾಗಿ 'ಅಷ್ಟು ಸಲ' ಹೋಗಲೇಬೇಕು. ಏಳರಲ್ಲೂ ಮೂರರಲ್ಲೂ ಹೋಗುವ ಮೊದಲ ಸಂಖ್ಯೆ 21. ಬಟ್ಟಲು 168. ಜನ 56!

ಏಳು ಪುಡಿಗೆ ಏಳು ಜನ, ಎಂಟು ಪುಡಿಗೆ ಐವತ್ತಾರು. ಒಂಬತ್ತಕ್ಕೆ ಹೋದರೆ ಮತ್ತೆ ಇಳಿದು 12. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಯಾರಾದರೂ ಒಬ್ಬರು "ಸರ್, ತಪ್ಪಿದೆ" ಅನ್ನದೆ ಇರುವುದಿಲ್ಲ.

ಗಣಿತದವರು ಇಲ್ಲಿಗೆ ಕೈ ಬಿಡಬಹುದು. ಪ್ರಯೋಗದವರಿಗೆ ಭಾನುವಾರ ಸಂಜೆ ಎಂಟು ಪುಡಿ ಎದುರಿಗೇ ಇದೆ. ಅವರು ಮಾಡುವುದು ಹೀಗೆ: 1, 2, 4 / 2, 3, 5 / 3, 4, 6 / 4, 5, 7 / 5, 6, 8 / 6, 7, 1 / 7, 8, 2 / 8, 1, 3. ಎಂಟೇ ಜನ. ಪ್ರತಿ ಪುಡಿ ಉಳಿದ ಆರರ ಜೊತೆ ಒಂದೊಂದು ಸಲ ಸೇರುತ್ತದೆ, ಒಂದರ ಜೊತೆ ಮಾತ್ರ ಸೇರುವುದೇ ಇಲ್ಲ. ಆ ಸೇರದ ಜೋಡಿಗಳು 1-5, 2-6, 3-7, 4-8.

ಸೇರದೇ ಇದ್ದರೆ 1ನ್ನೂ 5ನ್ನೂ ಹೋಲಿಸುವುದು ಹೇಗೆ? ಇನ್ನೊಂದು ಪುಡಿಯ ಮೂಲಕ. 1 ಮತ್ತು 2 ಒಬ್ಬರ ಎದುರು ಬಂದಿವೆ, 2 ಮತ್ತು 5 ಇನ್ನೊಬ್ಬರ ಎದುರು. ಸಂಬಂಧ ಕುದುರಿಸುವಾಗ ಎರಡು ಮನೆಯವರನ್ನೂ ಬಲ್ಲ ನೆಂಟರನ್ನು ಕೇಳುವುದಿಲ್ಲವೇ, ಹಾಗೆ. ಇಂಥ ನೆಂಟರು ಬೇಕಾದಷ್ಟಿದ್ದಾರೆ. ನನಗೇ ಆಶ್ಚರ್ಯ ತಂದ ವಿಷಯ ಏನೆಂದರೆ, ಲೆಕ್ಕ ಪೂರ್ತಿ ಮಾಡಿದಾಗ ಒಮ್ಮೆಯೂ ಮುಖಾಮುಖಿ ಆಗದ ಜೋಡಿಯ ಹೋಲಿಕೆಯ ವೇರಿಯನ್ಸ್ (ಅಂದಾಜು ಎಷ್ಟು ಅಲುಗಾಡುತ್ತದೆ ಎನ್ನುವ ಅಳತೆ), ಮುಖಾಮುಖಿಯಾದ ಜೋಡಿಯದ್ದಕ್ಕಿಂತ ಶೇ. 14ರಷ್ಟು ಮಾತ್ರ ಜಾಸ್ತಿ. ಒಟ್ಟಾರೆ ಸರಾಸರಿ ದಕ್ಷತೆ, ಅಂದರೆ ಮೊದಲು ಹೇಳಿದ ಮಾಹಿತಿಯ ಪಾಲು, ಸುಮಾರು ಶೇ. 75. ಏಳರ ಪಟ್ಟಿಯದ್ದು 78 ಇತ್ತು, ನೆನಪಿದೆಯಲ್ಲ. ಮೂರು ಅಂಕ ಬಿಟ್ಟುಕೊಟ್ಟರೆ 48 ಜನರ ಊಟ ಉಳಿಯಿತು.

ಇದಕ್ಕೆ ಪಾರ್ಶಿಯಲಿ ಬ್ಯಾಲೆನ್ಸ್ಡ್ ಡಿಸೈನ್ ಅನ್ನುತ್ತಾರೆ. 1939ರಲ್ಲಿ ಆರ್. ಸಿ. ಬೋಸ್ ಮತ್ತು ಕೆ. ಆರ್. ನಾಯರ್ ಕೋಲ್ಕತ್ತದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದಾಗ ಕೊಟ್ಟದ್ದು. ಬಳಸುವಾಗ ಒಂದು ಉಪಾಯ ಇದೆ: ನಿಮಗೆ ಹೋಲಿಸಲು ಅಷ್ಟೇನೂ ಆಸಕ್ತಿ ಇಲ್ಲದ ಪುಡಿಗಳನ್ನೇ ಆ ಸೇರದ ಜೋಡಿಗಳಾಗಿ ಇಡಿ. ಇಲ್ಲಿ ಮಾತ್ರ ಚೀಟಿಗೆ ಸ್ವಲ್ಪ ಕಡಿವಾಣ ಬೇಕು: ಚೀಟಿ ಎತ್ತುವಾಗ ಜೋಡಿಯನ್ನು ಜೋಡಿಯಾಗಿಯೇ ಎತ್ತಬೇಕು.

ಇದೆಲ್ಲ ಗದ್ದೆಯಿಂದ ಶುರುವಾದದ್ದಂತೆ, ಹೌದಾ?

ಪ್ರಯೋಗದ ಕಡೆಯದ್ದು ಹೌದು. ರೊನಾಲ್ಡ್ ಫಿಶರ್ 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದರು. ಅಲ್ಲಿ 1843ರಿಂದ ಗೊಬ್ಬರದ ಪ್ರಯೋಗ ನಡೆದು ಅಂಕಿ ಅಂಶ ರಾಶಿ ಬಿದ್ದಿತ್ತು. ಆ ರಾಶಿಯ ಜೊತೆ ಗುದ್ದಾಡಿ ಅವರು ಕಂಡುಕೊಂಡ ಮೂರು ಸೂತ್ರ: ಒಂದೇ ಸಲ ಮಾಡಿ ನಂಬಬೇಡ, ಚೀಟಿ ಎತ್ತಿ ಹಂಚು, ಒಂದೇ ಥರದ ಜಾಗಗಳನ್ನು ಒಟ್ಟು ಮಾಡಿ ಅದರೊಳಗೇ ಹೋಲಿಸು.

ಮೂರನೆಯದ್ದು ನಮ್ಮ ತುಳುನಾಡಿನ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಬೆಟ್ಟು, ಮಜಲು, ಬೈಲು ಅಂತ ಗದ್ದೆಗೆ ಹೆಸರೇ ಬೇರೆ ಇಟ್ಟಿದ್ದಾರಲ್ಲ. ಮೇಲಿನ ಬೆಟ್ಟುಗದ್ದೆ ಮಳೆಯನ್ನೇ ನಂಬಿಕೊಂಡದ್ದು, ಕೆಳಗಿನ ಬೈಲುಗದ್ದೆಯಲ್ಲಿ ನೀರು ನಿಲ್ಲುತ್ತದೆ, ಮಜಲು ಎರಡರ ನಡುವೆ. ಭತ್ತದ ಎಂಒ 4 ತಳಿಯನ್ನು ಬೈಲಿನಲ್ಲಿ ಹಾಕಿ, ಸಹ್ಯಾದ್ರಿ ಪಂಚಮುಖಿಯನ್ನು ಬೆಟ್ಟಿನಲ್ಲಿ ಹಾಕಿ, "ನೋಡಿ, ಎಂಒ 4 ಗೆದ್ದಿತು" ಅಂದರೆ ಗೆದ್ದದ್ದು ತಳಿಯಲ್ಲ, ಗದ್ದೆ. ಪ್ರತಿ ಬಗೆಯ ಗದ್ದೆಯಲ್ಲೂ ಎಲ್ಲ ತಳಿಗೂ ಒಂದೊಂದು ಪಾತಿ ಬೇಕು. ಆಗ ಬೆಟ್ಟು, ಮಜಲು, ಬೈಲು ಮೂರು ಬ್ಲಾಕ್ ಆಗುತ್ತವೆ.

ಏರುಪೇರು ಎರಡು ದಿಕ್ಕಿನಿಂದ ಬಂದರೆ? ಒಂದು ಕಡೆ ಇಳಿಜಾರು, ಅಡ್ಡಕ್ಕೆ ತೆಂಗಿನ ಸಾಲಿನ ನೆರಳು. ಆಗ ಲ್ಯಾಟಿನ್ ಚೌಕ. ನಾಲ್ಕು ತಳಿ, ನಾಲ್ಕು ಅಡ್ಡಸಾಲು, ನಾಲ್ಕು ಉದ್ದಸಾಲು, ಪ್ರತಿ ಸಾಲಿನಲ್ಲೂ ಪ್ರತಿ ತಳಿ ಒಂದೇ ಸಲ. ನಾಲ್ಕರ ಲ್ಯಾಟಿನ್ ಚೌಕಗಳು ಒಟ್ಟು 576 ಇವೆ, ಐದರವು 1,61,280. ಎಣಿಸುವುದು ಕಾಂಬಿನೇಟೋರಿಕ್ಸ್‌ನವರ ಕೆಲಸ, ಅದರಲ್ಲಿ ಒಂದನ್ನು ಚೀಟಿಯಲ್ಲಿ ಎತ್ತುವುದು ನಮ್ಮದು.

ಒಬ್ಬ ವಿದ್ಯಾರ್ಥಿ ಪ್ರಾಜೆಕ್ಟಿಗೆ ಜಾಣ ಐಡಿಯಾ ತಂದಿದ್ದ. ಮೂರು ಬಗೆಯ ಗದ್ದೆ, ವರ್ಷದ ಮೂರು ಭತ್ತದ ಬೆಳೆ (ಮಳೆಗಾಲದ ಏಣೆಲು, ಅದರ ನಂತರದ ಸುಗ್ಗಿ, ಬೇಸಿಗೆಯ ಕೊಳಕೆ), ಮೂರು ಗೊಬ್ಬರ. ಮೂರರ ಲ್ಯಾಟಿನ್ ಚೌಕ, ಕಾಗದದ ಮೇಲೆ ಬಲು ಚಂದ. ಅವನ ಅಜ್ಜ ನೋಡಿ ನಕ್ಕರಂತೆ. ಬೆಟ್ಟಿನಲ್ಲಿ ಏಣೆಲು ಒಂದೇ ಬೆಳೆ. ಮಜಲಿನಲ್ಲಿ ಎರಡು. ಮೂರೂ ಬೆಳೆ ಆಗುವುದು ಬೈಲಿನಲ್ಲಿ ಮಾತ್ರ. ಚೌಕದ ಒಂಬತ್ತು ಮನೆಯಲ್ಲಿ ನಿಜವಾಗಿ ಇರುವುದು ಆರೇ!

ಸುಡೊಕು ಕೂಡ ಇದೇನಾ?

ಹೌದು, ಒಂಬತ್ತರ ಲ್ಯಾಟಿನ್ ಚೌಕಕ್ಕೆ 3×3 ಡಬ್ಬಿಗಳ ನಿಯಮ ಜಾಸ್ತಿ ಸೇರಿಸಿದ್ದು. ಪೇಪರಿನಲ್ಲಿ ಬರುವುದಕ್ಕೆ ಎಷ್ಟೋ ಮೊದಲೇ, 1956ರಲ್ಲಿ, ಡಬ್ಲ್ಯು. ಯು. ಬೆರೆನ್ಸ್ ಎಂಬವರು ಹೊಲದ ಪ್ರಯೋಗಕ್ಕೆ ಇಂಥ ವಿನ್ಯಾಸ ಸೂಚಿಸಿದ್ದರು. ಹೊಲದ ಒಂದು ಮೂಲೆ ಮಾತ್ರ ಜೌಗು ಇದ್ದರೆ ಆ ಡಬ್ಬಿ ಉಪಯೋಗಕ್ಕೆ ಬರುತ್ತದೆ.

ಗಣಿತಜ್ಞ ಆಯ್ಲರ್‌ನ 36 ಅಧಿಕಾರಿಗಳ ಕಥೆ ಏನು? ಅದಕ್ಕೂ ನಮ್ಮ ದೇಶಕ್ಕೂ ಸಂಬಂಧ ಇದೆಯಂತೆ?

ಇದೆ. ಆರು ರೆಜಿಮೆಂಟು, ಆರು ದರ್ಜೆ, ಒಟ್ಟು 36 ಅಧಿಕಾರಿಗಳು. 6×6 ಚೌಕದಲ್ಲಿ ಪ್ರತಿ ಅಡ್ಡಸಾಲಿಗೂ ಉದ್ದಸಾಲಿಗೂ ಪ್ರತಿ ರೆಜಿಮೆಂಟು, ಪ್ರತಿ ದರ್ಜೆ ಒಂದೊಂದು ಸಲ ಬರುವಂತೆ ನಿಲ್ಲಿಸಿ. ಎರಡು ಲ್ಯಾಟಿನ್ ಚೌಕಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. 1782ರಲ್ಲಿ ಆಯ್ಲರ್, ಇದು ಆಗದು, 10, 14, 18 ಹೀಗೆ ನಾಲ್ಕರಿಂದ ಭಾಗಿಸಿದಾಗ ಎರಡು ಉಳಿಯುವ ಯಾವುದಕ್ಕೂ ಆಗದು ಅಂತ ಊಹಿಸಿದ. ಆರಕ್ಕೆ ಆಗದು ಅಂತ ಗಾಸ್ಟೊನ್ ಟ್ಯಾರಿ 1900ರ ಹೊತ್ತಿಗೆ ಒಂದೊಂದೇ ಬಿಡಿಸಿ ತೋರಿಸಿದ. ಹಾಗಾಗಿ ಆಯ್ಲರ್ ಹೇಳಿದ್ದೇ ಸರಿ ಎನ್ನುವ ನಂಬಿಕೆ ಗಟ್ಟಿಯಾಯಿತು.

1959ರಲ್ಲಿ ಬೋಸ್, ಅವರ ಶಿಷ್ಯ ಎಸ್. ಎಸ್. ಶ್ರೀಖಂಡೆ ಮತ್ತು ಇ. ಟಿ. ಪಾರ್ಕರ್ ಸೇರಿ ಆ ಊಹೆಯನ್ನು ಮುರಿದು ಹಾಕಿದರು. 2 ಮತ್ತು 6 ಬಿಟ್ಟರೆ ಬಾಕಿ ಎಲ್ಲದಕ್ಕೂ ಆಗುತ್ತದೆ. ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟದಲ್ಲೇ ಬಂತು. ಬೋಸ್ ಈ ದಾರಿಗೆ ಬಂದದ್ದೇ ಪ್ರಯೋಗ ವಿನ್ಯಾಸದ ಮೂಲಕ. ಶುದ್ಧ ಗಣಿತದ ಜ್ಯಾಮಿತಿ ಓದಿದ್ದವರನ್ನು, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ ಮಹಾಲನೋಬಿಸ್ ತಮ್ಮ ಆ ಸಂಸ್ಥೆಗೆ ಕರೆದುಕೊಂಡರು. ಹೊಲಕ್ಕೆ ಬೇಕಾದ ಬ್ಲಾಕುಗಳನ್ನು ಅವರು ಜ್ಯಾಮಿತಿಯ ಗೆರೆಗಳಿಂದ ಕಟ್ಟಿಕೊಟ್ಟರು.

ಒಂದು ಅಡ್ಡಮಾತು. ದಕ್ಕೆಯಲ್ಲಿ ಮೀನು ತೆಗೆದುಕೊಂಡು ಸ್ಕ್ಯಾನ್ ಮಾಡುತ್ತೀರಲ್ಲ, ಆ ಕ್ಯೂಆರ್ ಚೌಕದ ಒಳಗೆ ಬಿಸಿಎಚ್ ಎಂಬ ತಪ್ಪು ತಿದ್ದುವ ಸಂಕೇತವೂ ಇದೆ. ಅದರ 'ಬಿ' ಇದೇ ಬೋಸ್, 'ಸಿ' ಅವರ ಶಿಷ್ಯ ರೇ ಚೌಧುರಿ. ಇದೇ ರೇ ಚೌಧುರಿ ಮತ್ತು ವಿಲ್ಸನ್ 1971ರಲ್ಲಿ ಕರ್ಕ್‌ಮನ್‌ನ ಶಾಲಾ ಹುಡುಗಿಯರ ಸಮಸ್ಯೆಯನ್ನೂ, ಆರರಿಂದ ಭಾಗಿಸಿದಾಗ ಮೂರು ಉಳಿಯುವ ಎಲ್ಲ ಸಂಖ್ಯೆಗೆ ಬಿಡಿಸಿದರು. 15 ಹುಡುಗಿಯರು, ಏಳು ದಿನ, ಮೂರು ಮೂರರ ಸಾಲಿನಲ್ಲಿ ನಡೆಯಬೇಕು, ಯಾರೂ ಎರಡು ಸಲ ಜೊತೆ ಆಗಬಾರದು ಎನ್ನುವ 1850ರ ಒಗಟು ಅದು.

ಹಂಚಿನ ಕಾರ್ಖಾನೆಗೂ ಇದಕ್ಕೂ ಏನು ಸಂಬಂಧ? ಕ್ಲಾಸಿನಲ್ಲಿ ಯಾವಾಗಲೂ ಹೇಳುತ್ತೀರಿ.

ಮಂಗಳೂರಲ್ಲಿ ಹಂಚು ಬಿಟ್ಟು ಬೇರೆ ಉದಾಹರಣೆ ಕೊಡಲು ಮನಸ್ಸಾಗುವುದಿಲ್ಲ. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದಂದಿನಿಂದ ಅದು ನಮ್ಮ ಊರಿನ ಹೆಸರೇ ಆಗಿದೆ. ಆದರೆ ಪ್ರಯೋಗ ವಿನ್ಯಾಸದ ಪುಸ್ತಕಗಳಲ್ಲಿ ಹೆಸರಾದ ಟೈಲ್ ಜಪಾನಿನದ್ದು. 1953ರಲ್ಲಿ ಇನಾ ಕಂಪನಿಯ ಗೂಡಿನಲ್ಲಿ ಬೆಂಕಿ ಎಲ್ಲ ಕಡೆ ಒಂದೇ ಸಮ ಇರಲಿಲ್ಲ, ಟೈಲಿನ ಅಳತೆ ಹೆಚ್ಚು ಕಡಿಮೆ ಆಗುತ್ತಿತ್ತು. ಗೂಡು ಹೊಸದು ಕಟ್ಟುವುದು ದುಬಾರಿ. ಹಲವು ಅಂಶಗಳನ್ನು ಒಟ್ಟಿಗೇ ಬದಲಿಸಿ ಪ್ರಯೋಗ ಮಾಡಿದಾಗ, ಮಣ್ಣಿಗೆ ಸುಣ್ಣದ ಅಂಶ ಜಾಸ್ತಿ ಮಾಡಿದರೆ ಬೆಂಕಿಯ ಏರುಪೇರು ಟೈಲಿಗೆ ಅಷ್ಟಾಗಿ ತಟ್ಟುವುದಿಲ್ಲ ಅಂತ ಗೊತ್ತಾಯಿತು. ಜಪಾನಿನ ಎಂಜಿನಿಯರ್ ಗೆನಿಚಿ ತಗುಚಿ ಹೆಸರು ಇದರ ಜೊತೆ ಬರುತ್ತದೆ.

ತಗುಚಿ ಬಳಸಿದ ಪಟ್ಟಿಗಳು ಆರ್ಥೋಗೊನಲ್ ಅರೇಗಳು, ಅಂದರೆ ಯಾವ ಎರಡು ಅಂಶ ತೆಗೆದುಕೊಂಡರೂ ಅವುಗಳ ಮಟ್ಟಗಳ ಪ್ರತಿ ಜೋಡಿಯೂ ಸಮಾನ ಸಲ ಬರುವ ಪಟ್ಟಿಗಳು. ಅವುಗಳ ಸಿದ್ಧಾಂತ ಕೊಟ್ಟವರು ಸಿ. ಆರ್. ರಾವ್, 1940ರ ದಶಕದಲ್ಲಿ. 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. ಕೇಂಬ್ರಿಡ್ಜಿನಲ್ಲಿ ಫಿಶರ್ ಕೈಕೆಳಗೆ ಪಿಎಚ್‌ಡಿ. 2023ರಲ್ಲಿ ತೀರಿಕೊಂಡರು. ಹಡಗಲಿ ಅಂದರೆ ಮಲ್ಲಿಗೆ ಅಂತ ಮಾತ್ರ ಗೊತ್ತಿರುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಈಗ ಮಜಾ ನೋಡಿ. ಮೂರು ಅಂಶ: ಮಣ್ಣು, ಸುಣ್ಣ, ಬೆಂಕಿ. ತಲಾ ಎರಡು ಮಟ್ಟ, ಕಮ್ಮಿ ಮತ್ತು ಜಾಸ್ತಿ. ಒಟ್ಟು ಎಂಟು ಸುಡುವಿಕೆ. ಕಮ್ಮಿಗೆ -1, ಜಾಸ್ತಿಗೆ +1 ಅಂತ ಬರೆದರೆ ಮೂರು ಕಾಲಂ. ಅವನ್ನೇ ಒಂದಕ್ಕೊಂದು ಗುಣಿಸಿದರೆ ಇನ್ನೂ ನಾಲ್ಕು ಸಿಗುತ್ತವೆ. ಒಟ್ಟು ಏಳು. ನಂಬರು ಹೀಗೆ ಕೊಡಿ: 1 ಮಣ್ಣು, 2 ಸುಣ್ಣ, 3 ಬೆಂಕಿ, 4 ಮಣ್ಣು-ಸುಣ್ಣದ ಗುಣಲಬ್ಧ, 5 ಸುಣ್ಣ-ಬೆಂಕಿ, 6 ಮೂರೂ ಸೇರಿ, 7 ಮಣ್ಣು-ಬೆಂಕಿ. ಯಾವ ಎರಡು ಕಾಲಂ ಗುಣಿಸಿದರೂ ಮೂರನೆಯದೊಂದು ಬರುತ್ತದೆ. ಆ ಮೂರರ ಗುಂಪುಗಳನ್ನು ಬರೆಯಿರಿ: 1, 2, 4. 2, 3, 5. 3, 4, 6. ಮುಂದಿನದು ನಿಮಗೇ ಗೊತ್ತು. ಅತ್ತಿಗೆಯ ಸಾರಿನ ಪಟ್ಟಿಯೇ!

ಸುಮ್ನೆ ಚಂದಕ್ಕೆ ಹೇಳಿದ್ದಲ್ಲ. ಎಂಟೇ ಸುಡುವಿಕೆಯಲ್ಲಿ ಏಳು ಅಂಶ ಪರೀಕ್ಷಿಸುತ್ತೇನೆ ಅಂತ ಏಳೂ ಕಾಲಂ ತುಂಬಿಸಿದರೆ, 4ನೇ ಅಂಶದ ಪರಿಣಾಮಕ್ಕೆ 1-2, 3-6, 5-7 ಜೋಡಿಗಳ ಜಂಟಿ ಪರಿಣಾಮ ಅಂಟಿಕೊಂಡಿರುತ್ತದೆ. ಬಿಡಿಸಲು ಆಗುವುದಿಲ್ಲ. ಯಾವುದಕ್ಕೆ ಯಾವುದು ಅಂಟಿದೆ ಅಂತ ತಿಳಿಯಲು 4ರ ಮೂಲಕ ಹೋಗುವ ಗೆರೆಗಳನ್ನು ನೋಡಿದರೆ ಆಯಿತು.

ತಕ್ಕಡಿಯ ಪ್ರಶ್ನೆ ಪರೀಕ್ಷೆಗೆ ಬರುತ್ತದಾ?

ಬರಬಹುದು. ನಾಲ್ಕು ಮೀನು, ಎರಡು ತಟ್ಟೆಯ ತಕ್ಕಡಿ, ನಾಲ್ಕು ಸಲ ತೂಗಲು ಅವಕಾಶ. ಒಂದೊಂದಾಗಿ ತೂಗಬೇಡಿ. ಮೊದಲು ನಾಲ್ಕನ್ನೂ ಒಂದೇ ತಟ್ಟೆಯಲ್ಲಿ ತೂಗಿ. ಮತ್ತೆ ಮೂರು ಸಲ ಎರಡೆರಡು ಎದುರು ಬದುರು: ಬಂಗುಡೆ-ಅಂಜಲ್ ಒಂದು ಕಡೆ, ಬೂತಾಯಿ-ಕಾಣೆ ಇನ್ನೊಂದು ಕಡೆ, ಹೀಗೆ ಜೊತೆ ಬದಲಿಸುತ್ತಾ. ನಾಲ್ಕು ಅಂಕಿಗಳನ್ನು ಕೂಡಿ ಕಳೆದು ನಾಲ್ಕರಿಂದ ಭಾಗಿಸಿದರೆ ಪ್ರತಿ ಮೀನಿನ ತೂಕ ಬರುತ್ತದೆ, ತಪ್ಪಿನ ವೇರಿಯನ್ಸ್ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಇದರ ಹಿಂದೆ ಇರುವುದು ಹಡಮಾರ್ಡ್ ಮ್ಯಾಟ್ರಿಕ್ಸ್: +1, -1 ಮಾತ್ರ ಇರುವ, ಯಾವ ಎರಡು ಸಾಲನ್ನು ಗುಣಿಸಿ ಕೂಡಿದರೂ ಸೊನ್ನೆ ಬರುವ ಚೌಕ. 1944ರಲ್ಲಿ ಹೊಟೆಲಿಂಗ್ ಇದನ್ನು ವಿಸ್ತಾರವಾಗಿ ಬರೆದರು. ಮಾರ್ಕೆಟ್ಟಿನಲ್ಲಿ ಪ್ರಯತ್ನಿಸಬೇಡಿ, ಬೈಗುಳ ಗ್ಯಾರಂಟಿ.

ಗಣಿತದವರಿಗೆ ಸ್ಟಾಟಿಸ್ಟಿಕ್ಸ್‌ನಿಂದ ಏನಾದರೂ ಸಿಕ್ಕಿದೆಯಾ, ಅಥವಾ ಬರೀ ತೆಗೆದುಕೊಂಡದ್ದೇನಾ?

ಸಿಕ್ಕಿದೆ. ಡಿಸೈನ್ ಥಿಯರಿಯ ಮೊದಲ ಪಾಠಗಳಲ್ಲೇ ಬರುವ ಅಸಮತೆ ಫಿಶರ್‌ನದ್ದು, 1940ರದ್ದು. ಒಬ್ಬರಿಗೆ ಎಲ್ಲ ಪುಡಿ ಕೊಡದೆ ಪ್ರತಿ ಜೋಡಿಗೂ ಸಮಪಾಲು ಬೇಕು ಅಂದರೆ, ಜನರ ಸಂಖ್ಯೆ ಪುಡಿಗಳ ಸಂಖ್ಯೆಗಿಂತ ಕಮ್ಮಿ ಇರುವಂತಿಲ್ಲ. ಏಳು ಪುಡಿಗೆ ಐದು ಜನರಲ್ಲಿ ಮುಗಿಸಿ ಅಂತ ಯಾರಾದರೂ ಕೇಳಿದರೆ ಹುಡುಕುವ ಕಷ್ಟವೇ ಬೇಡ.

ಆದರೆ ಭಾಗಾಕಾರವೂ ಸರಿ, ಫಿಶರ್‌ನ ಅಸಮತೆಯೂ ಸರಿ ಅಂದ ಮಾತ್ರಕ್ಕೆ ಪಟ್ಟಿ ಇದ್ದೇ ಇರುತ್ತದೆ ಅಂತ ಇಲ್ಲ. 15 ಪುಡಿ, 21 ಜನ, ತಲಾ ಐದು ಬಟ್ಟಲು, ಪ್ರತಿ ಜೋಡಿ ಎರಡು ಸಲ: ಅಂಕೆ ಎಲ್ಲ ಹೊಂದುತ್ತವೆ, ಆದರೆ ಅಂಥ ಪಟ್ಟಿಯೇ ಇಲ್ಲ. 111 ಚುಕ್ಕಿ, 111 ಗೆರೆ, ಗೆರೆಗೆ 11 ಚುಕ್ಕಿಯ ಪ್ಲೇನ್ ಇಲ್ಲ ಅಂತ ತಿಳಿಯಲು 1989ರವರೆಗೆ ಕಾಯಬೇಕಾಯಿತು, ಅದೂ ಕಂಪ್ಯೂಟರಿನ ಬಲದಿಂದ. 2014ರಲ್ಲಿ ಪೀಟರ್ ಕೀವಾಶ್, ವಸ್ತುಗಳ ಸಂಖ್ಯೆ ಸಾಕಷ್ಟು ದೊಡ್ಡದಾದರೆ ಭಾಗಾಕಾರ ಸರಿ ಇದ್ದರೆ ಸಾಕು, ಡಿಸೈನ್ ಇದ್ದೇ ಇರುತ್ತದೆ ಅಂತ ಸಾಧಿಸಿದರು. ಗಣಿತಕ್ಕೆ ಬಹು ದೊಡ್ಡ ಗೆಲುವು. ನನ್ನ ಭಾನುವಾರದ ಬಟ್ಟಲಿಗೆ ಅದರಿಂದ ಏನೂ ಆಗಲಿಲ್ಲ ಬಿಡಿ, ನನ್ನ ಸಂಖ್ಯೆಗಳೆಲ್ಲ ಚಿಕ್ಕವು.

ಮಳೆಗೆ ಪ್ಲಾಟ್ ಕೊಚ್ಚಿ ಹೋದರೆ? ಒಬ್ಬರು ಬರದೇ ಇದ್ದರೆ?

ಜುಲೈಯಲ್ಲಿ ಗದ್ದೆ ಪ್ರಯೋಗ ಮಾಡುವವರು ಈ ಪ್ರಶ್ನೆಯನ್ನು ಮೊದಲೇ ಕೇಳಬೇಕು. ಸಮತೋಲ ಹೋಗುತ್ತದೆ, ಆದರೆ ಪ್ರಯೋಗ ಹಾಳಾಗುವುದಿಲ್ಲ. ಏಳರ ಪಟ್ಟಿಯಲ್ಲಿ ಒಬ್ಬರು ತಪ್ಪಿಸಿಕೊಂಡರೂ ಉಳಿದ ಆರು ಸಾಲುಗಳು ಏಳು ಪುಡಿಗಳನ್ನೂ ಕೊಂಡಿ ಕೊಂಡಿಯಾಗಿ ಹಿಡಿದಿರುತ್ತವೆ. ಕೊಂಡಿ ಪೂರ್ತಿ ಕಡಿದು ಪುಡಿಗಳು ಎರಡು ಬಣವಾದರೆ ಮಾತ್ರ ಕಥೆ ಮುಗಿಯಿತು. ಖಾಲಿ ಜಾಗಕ್ಕೆ ಅಂದಾಜಿನ ಅಂಕಿ ತುಂಬಿಸಿ ತರಬೇಡಿ ಅಂತ ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷ ಒಬ್ಬರಾದರೂ ತರುತ್ತಾರೆ.

ಸಾಫ್ಟ್‌ವೇರ್ ಇದೆಯಲ್ಲ, ಇದನ್ನೆಲ್ಲ ಯಾಕೆ ಕಲಿಯಬೇಕು?

ಇದೆ. ಆರ್ ಭಾಷೆಯ ಅಗ್ರಿಕೊಲೇ ಪ್ಯಾಕೇಜು ಲ್ಯಾಟಿನ್ ಚೌಕ, ಬಿಐಬಿಡಿ, ಯೂಡನ್ ಚೌಕ ಎಲ್ಲ ಕೊಡುತ್ತದೆ, ಚೀಟಿಯನ್ನೂ ಅದೇ ಎತ್ತುತ್ತದೆ. ನೂರಾರು ತಳಿ ಇರುವ ಕಡೆ ಅದು ಬೇಕೇ ಬೇಕು. ಆದರೆ ಪಟ್ಟಿ ಬಂದ ಮೇಲೆ ಅದನ್ನು ಚಂದ ಮಾಡಲು ಹೋಗುವವರನ್ನು ಯಾವ ಸಾಫ್ಟ್‌ವೇರೂ ತಡೆಯುವುದಿಲ್ಲ.

ಅತ್ತಿಗೆಯ ಗುಂಪು ಈಗ ಏನು ಮಾಡುತ್ತಿದೆ?

ಇನ್ನೆರಡು ಪುಡಿ ಸೇರಿ ಒಂಬತ್ತಾಗಿವೆ. ಎಂಟಕ್ಕೆ ನಿಲ್ಲಿಸಬೇಡಿ ಅಂತ ನಾನೇ ಹೇಳಿದ್ದು. ಮೂರು ಜನ ನಾಲ್ಕು ಭಾನುವಾರ ಬಂದರೆ ಸಾಕು, ಪ್ರತಿ ಭಾನುವಾರವೂ ಒಂಬತ್ತೂ ಪುಡಿ ಒಂದೊಂದು ಸಲ ಬರುತ್ತವೆ:

ಮೊದಲ ವಾರ: 1, 2, 3 / 4, 5, 6 / 7, 8, 9
ಎರಡನೇ ವಾರ: 1, 4, 7 / 2, 5, 8 / 3, 6, 9
ಮೂರನೇ ವಾರ: 1, 5, 9 / 2, 6, 7 / 3, 4, 8
ನಾಲ್ಕನೇ ವಾರ: 1, 6, 8 / 2, 4, 9 / 3, 5, 7

ಬಟ್ಟಲು ಕೊಡುವ ಕ್ರಮವನ್ನು ಪ್ರತಿ ಸಲ ಚೀಟಿ ಎತ್ತಿಯೇ ತೀರ್ಮಾನಿಸಬೇಕು, ಬರೆದ ಹಾಗೆ ಅಲ್ಲ. ಪುಡಿಯ ನಂಬರು ಬಲ್ಲವರು ಬಡಿಸಬಾರದು. ಬೇಳೆ, ಹುಳಿ, ನೀರು ಎಲ್ಲದಕ್ಕೂ ಒಂದೇ ಅಳತೆ. ಇಷ್ಟಕ್ಕೆ ಎಲ್ಲರೂ ಒಪ್ಪಿದ್ದಾರೆ. ಒಂಬತ್ತು ಪಾತ್ರೆಗೂ ಉಪ್ಪು ಹಾಕುವವರು ಯಾರು ಎನ್ನುವುದರ ಮೇಲೆ ಚರ್ಚೆ ಇನ್ನೂ ನಡೆಯುತ್ತಿದೆ.